ಎಲೆಯ ಕೆಂಪು, ಬಿಸಿಲಿನ ಲೆಕ್ಕ

ನರ್ಸರಿಯಲ್ಲಿ ಕಂಡಾಗ ಅಂಚಿಗೆಲ್ಲ ಕುಂಕುಮ ಸವರಿದಂತಿದ್ದ ಪುಟ್ಟ ಗಿಡ. ಆಸೆಪಟ್ಟು ಮನೆಗೆ ತಂದು ಟಿ.ವಿ. ಪಕ್ಕದ ಮೇಜಿನ ಮೇಲಿಟ್ಟು, ಹದವಾಗಿ ನೀರು ಹಾಕುತ್ತ ಬಂದಿರುತ್ತೇವೆ. ಮೂರು ನಾಲ್ಕು ವಾರಕ್ಕೆ ಕುಂಕುಮವೆಲ್ಲ ಮಾಸಿ ಗಿಡ ಬರೀ ಹಸಿರಾಗುತ್ತದೆ. ಇನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಗುಲಾಬಿ ಹೂವಿನಂತೆ ಒತ್ತೊತ್ತಾಗಿದ್ದ ಎಲೆಗಳು ದೂರ ದೂರ ಸರಿದು, ಕಾಂಡ ಉದ್ದಕ್ಕೆ ಬೆಳೆದು, ಗಿಡ ಕಿಟಕಿಯ ಕಡೆಗೆ ವಾಲಿಕೊಂಡಿರುತ್ತದೆ. ಎಲೆ, ಕಾಂಡಗಳಲ್ಲಿ ನೀರು ಕೂಡಿಡುವ ಇಂಥ ಸಕ್ಯುಲೆಂಟ್ ಗಿಡಗಳನ್ನು ಬೆಳೆಸಲು ಹೊರಟವರು ಮೊದಲು ಕೇಳುವ ಪ್ರಶ್ನೆ ಇದೇ: "ಬಣ್ಣ ಎಲ್ಲಿ ಹೋಯಿತು? ಯಾವ ಗೊಬ್ಬರ ಹಾಕಬೇಕು?"

ಗೊಬ್ಬರ ಹಾಕಬೇಕಾಗಿಲ್ಲ. ಸಾರಜನಕ ಹೆಚ್ಚಿರುವ ಗೊಬ್ಬರ ಹಾಕಿದರೆ ಗಿಡ ಇನ್ನಷ್ಟು ಹಸಿರಾಗುತ್ತದೆ. ಕೊರತೆಯಾಗಿರುವುದು ಬೆಳಕು. ಸಕ್ಯುಲೆಂಟ್‌ನ ಎಲೆ ತನಗೆ ಸಿಕ್ಕ ಬೆಳಕಿನ ಲೆಕ್ಕವನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಅದನ್ನು ಓದಲು ಕಲಿತರೆ ಕುಂಡವನ್ನು ಎಲ್ಲಿಡಬೇಕು, ಯಾವಾಗ ಜಾಗ ಬದಲಿಸಬೇಕು, ಯಾವಾಗ ನೆರಳು ಕೊಡಬೇಕು ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಓದು ನಮಗೆ ಪೂರ್ತಿ ಹೊಸದೇನೂ ಅಲ್ಲ. ತೆಂಗಿನ ಮರದ ನೆರಳಲ್ಲಿ ಬೆಳೆದ ದೊಡ್ಡಪತ್ರೆಯ ಎಲೆ ಅಗಲವಾಗಿ, ಮೃದುವಾಗಿ, ಕಡುಹಸಿರಾಗಿರುತ್ತದೆ. ಅದೇ ಗಿಡದ ಕಡ್ಡಿ ಮುರಿದು ತಾರಸಿಯ ಬಿಸಿಲಲ್ಲಿ ನೆಟ್ಟರೆ ಎಲೆ ಚಿಕ್ಕದಾಗಿ, ದಪ್ಪಗೆ, ಹಳದಿಗೆ ತಿರುಗಿದ ಹಸಿರಿನಲ್ಲಿ ಬರುತ್ತದೆ. ಹಿತ್ತಲ ನೆರಳಲ್ಲಿ ಹಸಿರಾಗಿದ್ದ ಲೋಳೆಸರವನ್ನು ಬೇಸಿಗೆಯಲ್ಲಿ ಕಾಂಪೌಂಡಿನ ಮೇಲಿಟ್ಟರೆ ಕೆಲವೇ ದಿನಕ್ಕೆ ಕಂದುಗೆಂಪಾಗುತ್ತದೆ. ನೆರಳಿಗೆ ಮರಳಿಸಿದರೆ ನಿಧಾನವಾಗಿ ಮತ್ತೆ ಹಸಿರು. ನಮ್ಮ ಅಜ್ಜಿಯರು ಕಂಡಿದ್ದ ಈ ಸಂಗತಿಯೇ ಇಂದು ಬಾಲ್ಕನಿಯ ಎಚಿವೇರಿಯಾ, ಸೆಡಮ್, ಜೇಡ್‌ಗಳಲ್ಲೂ ನಡೆಯುವುದು.

ಎಲೆಯೊಳಗಿನ ಬಣ್ಣಗಳು

ಎಲ್ಲ ಹಸಿರು ಗಿಡಗಳಂತೆ ಸಕ್ಯುಲೆಂಟ್‌ಗಳಲ್ಲೂ ಮೂಲಬಣ್ಣ ಪತ್ರಹರಿತ್ತಿನದು. ಬೆಳಕಿನಲ್ಲಿರುವ ಕೆಂಪು ಮತ್ತು ನೀಲಿ ಭಾಗವನ್ನು ಅದು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ಆ ಉಳಿದ ಹಸಿರು. ನೆರಳಿನಲ್ಲಿರುವ ಗಿಡ ಸಿಕ್ಕಷ್ಟು ಬೆಳಕನ್ನೆಲ್ಲ ಹಿಡಿದುಕೊಳ್ಳಲು ಪತ್ರಹರಿತ್ತನ್ನು ಹೆಚ್ಚಿಸಿಕೊಳ್ಳುತ್ತದೆ, ಎಲೆ ಕಡುಹಸಿರಾಗುತ್ತದೆ. ಬಿಸಿಲು ಧಾರಾಳವಾಗಿದ್ದಲ್ಲಿ ಅಷ್ಟು ಬೇಕಾಗುವುದಿಲ್ಲ, ಹಸಿರು ತಿಳಿಯಾಗುತ್ತದೆ. ಹಸಿರು ತಿಳಿಯಾದಾಗಲೇ ಉಳಿದ ಬಣ್ಣಗಳು ಎದ್ದು ಕಾಣುತ್ತವೆ.

ಎರಡನೆಯ ಗುಂಪು ಕ್ಯಾರೊಟಿನಾಯ್ಡ್‌ಗಳದು. ಕ್ಯಾರೆಟ್‌ನ ಕೇಸರಿ, ಮಾವಿನ ಹಣ್ಣಿನ ಹಳದಿ ಇವುಗಳದ್ದೇ. ಎಲೆಯಲ್ಲಿ ಇವುಗಳ ಮುಖ್ಯ ಕೆಲಸಗಳಲ್ಲಿ ಒಂದು, ಹೆಚ್ಚಾಗಿ ಬಂದ ಬೆಳಕಿನ ಶಕ್ತಿಯನ್ನು ಶಾಖವಾಗಿ ಹೊರಹಾಕಿ ಎಲೆಯನ್ನು ಕಾಯುವುದು. ಲೋಳೆಸರದ ಕುಲದ ಕೆಲವು ಗಿಡಗಳು ಬಿರುಬಿಸಿಲಿಗೆ ಕೆಂಪಾಗುವುದು ಈ ಗುಂಪಿನ ರೋಡೊಝ್ಯಾಂಥಿನ್ ಎಂಬ ಬಣ್ಣದಿಂದ.

ಮೂರನೆಯದು ಆಂಥೋಸಯನಿನ್. ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಅಂಟುವ ಬಣ್ಣ ಇದು. ಮಾವಿನ ಎಳೆ ಚಿಗುರು ತಾಮ್ರದ ಬಣ್ಣದಲ್ಲಿ ಹೊಳೆಯುವುದೂ ಇದರಿಂದಲೇ. ಎಚಿವೇರಿಯಾ, ಸೆಡಮ್, ಕ್ರಾಸುಲಾ, ಕಲಾಂಚೊ ಮತ್ತು ನಮ್ಮ ಕಾಡುಬಸಳೆ, ಇವೆಲ್ಲ ಕ್ರಾಸುಲೇಸಿ ಎಂಬ ಒಂದೇ ಕುಟುಂಬದವು. ಇವುಗಳ ಗುಲಾಬಿ, ಕೆಂಪು, ನೇರಳೆ ಛಾಯೆಗಳೆಲ್ಲ ಆಂಥೋಸಯನಿನ್‌ನ ಕೊಡುಗೆ.

ನಾಲ್ಕನೆಯದು ಬೀಟಾಲೆಯಿನ್. ಬೀಟ್‌ರೂಟ್, ಕೆಂಪು ದಂಟು, ಕೆಂಪು ಬಸಳೆ ಹಚ್ಚಿದಾಗ ಕೈಗೆ ಹತ್ತುವ ಬಣ್ಣ. ಪಾಪಾಸುಕಳ್ಳಿ ಮೊದಲಾದ ಕ್ಯಾಕ್ಟಸ್‌ಗಳು, ಕಲ್ಲಿನಂತೆ ಕಾಣುವ ಲಿಥಾಪ್ಸ್, ನಮ್ಮ ನರ್ಸರಿಗಳಲ್ಲಿ ಜೇಡ್ ಎಂದು ಮಾರುವ ಪೋರ್ಚುಲಕೇರಿಯಾ ಈ ಗುಂಪಿಗೆ ಸೇರುತ್ತವೆ. ಆಂಥೋಸಯನಿನ್ ಮತ್ತು ಬೀಟಾಲೆಯಿನ್ ಎರಡನ್ನೂ ತಾನಾಗಿಯೇ ತಯಾರಿಸಿಕೊಳ್ಳುವ ಗಿಡ ಪ್ರಕೃತಿಯಲ್ಲಿ ಈವರೆಗೆ ಕಂಡುಬಂದಿಲ್ಲ.

ಬಣ್ಣಗಳ ಮೇಲೆ ಇನ್ನೊಂದು ಪದರವೂ ಇರಬಹುದು. ಬೂದುಗುಂಬಳಕಾಯಿಯ ಮೇಲೆ ಕೈಯಾಡಿಸಿದರೆ ಬಿಳಿ ಪುಡಿ ಅಂಟುತ್ತದಲ್ಲ, ಅಂಥದ್ದೇ ಮೇಣದ ಪುಡಿ ಕೆಲವು ಎಚಿವೇರಿಯಾ ಮತ್ತು ಗ್ರ್ಯಾಪ್ಟೊಪೆಟಲಮ್‌ಗಳ ಮೇಲಿರುತ್ತದೆ. ಅವು ನೀಲಿಬೂದಿ ಬಣ್ಣವಾಗಿ ಕಾಣುವುದು ಇದರಿಂದ. ಈ ಪುಡಿ ಬಿಸಿಲನ್ನೂ ಅತಿನೇರಳೆ ಕಿರಣಗಳನ್ನೂ ಹಿಂದಕ್ಕೆ ಚೆಲ್ಲಿ ಎಲೆಯನ್ನು ಕಾಯುತ್ತದೆ. ಬಲಿತ ಎಲೆಯ ಮೇಲೆ ಒಮ್ಮೆ ಅಳಿಸಿಹೋದರೆ ಮೊದಲಿನಂತೆ ಮತ್ತೆ ಬರುವುದಿಲ್ಲ. ಆದ್ದರಿಂದ ಇಂಥ ಗಿಡಗಳ ಎಲೆ ಮುಟ್ಟಬೇಡಿ, ಧೂಳು ಕೂತಿದೆ ಎಂದು ಬಟ್ಟೆಯಿಂದ ಒರೆಸಬೇಡಿ. ಕುಂಡ ಹಿಡಿದು ಎತ್ತಿಡಿ.

ಗಿಡಕ್ಕೆ ಕೆಂಪು ಯಾಕೆ ಬೇಕು?

ಸಕ್ಯುಲೆಂಟ್‌ಗಳ ತವರು ಹೆಚ್ಚಾಗಿ ನೀರಿಲ್ಲದ ನಾಡುಗಳು. ಹೆಚ್ಚಿನ ಎಚಿವೇರಿಯಾಗಳು ಮೆಕ್ಸಿಕೋದ ಎತ್ತರದ ಬಂಡೆ ಪ್ರದೇಶದವು. ಕ್ರಾಸುಲಾ, ಹವೋರ್ಥಿಯಾ, ಲಿಥಾಪ್ಸ್ ದಕ್ಷಿಣ ಆಫ್ರಿಕಾದ ಕಡೆಯವು. ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದರೆ ಇದ್ದ ನೀರೆಲ್ಲ ಆರಿಹೋಗುತ್ತದೆ. ಅದಕ್ಕೆ ಇವು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು, ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಲ್ಲಿ ಬಾಗಿಲು ಮುಚ್ಚಿಕೊಂಡು ಆ ದಾಸ್ತಾನಿನಿಂದ ಆಹಾರ ತಯಾರಿಸುತ್ತವೆ. ಕ್ರಾಸುಲೇಸಿ ಕುಟುಂಬದಲ್ಲಿ ಮೊದಲು ಚೆನ್ನಾಗಿ ಅಭ್ಯಾಸವಾದ ಕ್ರಮವಾದ್ದರಿಂದ ವಿಜ್ಞಾನಿಗಳು ಇದಕ್ಕೆ ಆ ಕುಟುಂಬದ ಹೆಸರನ್ನೇ ಇಟ್ಟಿದ್ದಾರೆ.

ನೀರು ಉಳಿಸುವ ಈ ದಾರಿಯಲ್ಲಿ ಒಂದು ತೊಡಕಿದೆ. ರಾತ್ರಿ ಕೂಡಿಟ್ಟಷ್ಟೇ ಹಗಲಿನ ಬಂಡವಾಳ. ಬಿಸಿಲು ಮಾತ್ರ ಧಾರಾಳ. ಬಳಸಲಾಗದಷ್ಟು ಬೆಳಕು ಎಲೆಯೊಳಗೆ ನುಗ್ಗಿದರೆ ಅಪಾಯಕಾರಿ ಆಮ್ಲಜನಕದ ಕಣಗಳು ಹುಟ್ಟಿ ಪತ್ರಹರಿತ್ತಿನ ಕೋಶಗಳಿಗೇ ಪೆಟ್ಟಾಗುತ್ತದೆ. ಆಗ ಗಿಡ ಎಲೆಯ ಹೊರಪದರಗಳಲ್ಲಿ ಕೆಂಪು ಬಣ್ಣವನ್ನು ತುಂಬಿಕೊಳ್ಳುತ್ತದೆ. ಕಿಟಕಿಗೆ ಪರದೆ ಎಳೆದ ಹಾಗೆ ಅದು ಬೆಳಕಿನ ಒಂದಷ್ಟು ಪಾಲನ್ನು ತಾನೇ ಹೀರಿಕೊಂಡು ಒಳಗಿನ ಕೋಶಗಳ ಹೊರೆ ಇಳಿಸುತ್ತದೆ. ಎಲೆಯ ತುದಿ, ಅಂಚು, ಬಿಸಿಲಿಗೆ ಮುಖಮಾಡಿದ ಮಗ್ಗುಲು ಮೊದಲು ಕೆಂಪಾಗುವುದು ಇದಕ್ಕೇ. ಒಂದು ಎಲೆಯ ಮೇಲೆ ಇನ್ನೊಂದು ಎಲೆ ಅಡ್ಡ ಬಂದಿದ್ದರೆ, ಸರಿಸಿ ನೋಡಿ, ಮುಚ್ಚಿದ ಭಾಗ ಹಸಿರಾಗಿಯೇ ಇರುತ್ತದೆ.

ಕೆಂಪು ತಯಾರಿಸಲು ಗಿಡಕ್ಕೆ ಸೂಚನೆ ಕೊಡುವುದರಲ್ಲಿ ನೀಲಿ ಬೆಳಕು ಮತ್ತು ಅತಿನೇರಳೆ ಕಿರಣಗಳ ಪಾತ್ರ ದೊಡ್ಡದು. ಸಾಮಾನ್ಯ ಕಿಟಕಿಯ ಗಾಜು ಅತಿನೇರಳೆಯ ಪ್ರಬಲ ಭಾಗವನ್ನು ತಡೆದುಬಿಡುತ್ತದೆ. ಒಳ್ಳೆಯ ಬಿಸಿಲು ಬೀಳುವ ಗಾಜಿನ ಹಿಂದೆ ಇಟ್ಟ ಗಿಡ ಆರೋಗ್ಯವಾಗಿದ್ದರೂ ಹೊರಗಿಟ್ಟ ಗಿಡದಷ್ಟು ರಂಗೇರದಿರುವುದಕ್ಕೆ ಇದೂ ಒಂದು ಕಾರಣ.

ಚಳಿಯೂ ಜೊತೆಗೂಡುತ್ತದೆ. ರಾತ್ರಿ ತಂಪಾದಾಗ ಬೆಳವಣಿಗೆ ನಿಧಾನವಾಗಿ ಎಲೆಯಲ್ಲಿ ಸಕ್ಕರೆ ಶೇಖರವಾಗುತ್ತದೆ. ಸಕ್ಕರೆ ಹೆಚ್ಚಿದ್ದರೆ ಆಂಥೋಸಯನಿನ್ ತಯಾರಿಕೆ ಚುರುಕಾಗುತ್ತದೆ. ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರಿನ ಕಡೆ ಡಿಸೆಂಬರ್, ಜನವರಿಯಲ್ಲಿ ಹಗಲು ತಿಳಿಬಿಸಿಲು, ರಾತ್ರಿ ಸುಮಾರು 15 ಡಿಗ್ರಿಯ ಚಳಿ. ನೀವು ಏನೂ ಮಾಡದೆಯೇ ಗಿಡಗಳು ತಾವಾಗಿ ಕೆಂಪೇರುವ ಕಾಲ ಅದು. ಮಂಗಳೂರು, ಉಡುಪಿ, ಕಾರವಾರದಲ್ಲಿ ಆಗಲೂ ರಾತ್ರಿ ಬೆಚ್ಚಗೇ ಇರುವುದರಿಂದ ಅದೇ ಗಿಡ, ಅಷ್ಟೇ ಬಿಸಿಲಿದ್ದರೂ ಬಣ್ಣ ಸ್ವಲ್ಪ ಕಡಿಮೆ. ಕರಾವಳಿಯವರು ಇದನ್ನು ತಮ್ಮ ಆರೈಕೆಯ ಲೋಪ ಎಂದು ಭಾವಿಸಬೇಕಾಗಿಲ್ಲ.

ಬೆಳಕನ್ನು ಅಳೆಯುವ ಬಗೆ

"ನಮ್ಮ ಹಾಲ್‌ನಲ್ಲಿ ಒಳ್ಳೆ ಬೆಳಕಿದೆ" ಎಂದು ಎಲ್ಲರೂ ಹೇಳುತ್ತೇವೆ. ನಮ್ಮ ಕಣ್ಣು ಕತ್ತಲೆಗೂ ಬಿಸಿಲಿಗೂ ತಾನಾಗಿ ಹೊಂದಿಕೊಳ್ಳುವುದರಿಂದ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ತಿಳಿಯುವುದೇ ಇಲ್ಲ. ಬೆಳಕಿನ ಅಳತೆ ಲಕ್ಸ್. ನಡುಹಗಲ ನೇರ ಬಿಸಿಲು ಸುಮಾರು 1,00,000 ಲಕ್ಸ್. ಬಯಲಿನಲ್ಲಿ ಮರದ ತಿಳಿನೆರಳು 10,000ದಿಂದ 20,000. ಬಿಸಿಲು ಬೀಳದ ಕಿಟಕಿಯ ಪಕ್ಕ ಒಂದೆರಡು ಸಾವಿರ. ಕೋಣೆಯ ಮಧ್ಯದ ಮೇಜಿನ ಮೇಲೆ ಬರೀ ಇನ್ನೂರು ಮುನ್ನೂರು. ತಾರಸಿಯಿಂದ ಟಿ.ವಿ. ಮೇಜಿಗೆ ಬಂದ ಗಿಡಕ್ಕೆ ಬೆಳಕು ನೂರರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿದಿರುತ್ತದೆ. ಬಣ್ಣ ಮಾಸುವುದರಲ್ಲಿ ಆಶ್ಚರ್ಯವಿಲ್ಲ.

ಲಕ್ಸ್ ಅಳೆಯುವ ಆ್ಯಪ್‌ಗಳು ಮೊಬೈಲ್‌ನಲ್ಲಿ ಸಿಗುತ್ತವೆ. ಕರಾರುವಾಕ್ಕಾಗಿರದಿದ್ದರೂ ಮನೆಯ ಒಂದು ಜಾಗಕ್ಕೂ ಇನ್ನೊಂದಕ್ಕೂ ಹೋಲಿಸಲು ಸಾಕು. ಅದೂ ಬೇಡವೆಂದರೆ ಅಂಗೈ ಸಾಕು. ಮಧ್ಯಾಹ್ನ ಗಿಡವಿರುವ ಜಾಗದಿಂದ ಒಂದು ಅಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ಅಂಚು ಚೂಪಾಗಿ ಕಾಣುವ ಕಪ್ಪು ನೆರಳು ಬಿದ್ದರೆ ಅದು ಬಿಸಿಲಿನ ಜಾಗ. ಮಸುಕಾದ, ಆದರೆ ಕೈಯ ಆಕಾರ ಗುರುತಿಸಬಹುದಾದ ನೆರಳಾದರೆ ಹವೋರ್ಥಿಯಾದಂಥ ಗಿಡಗಳಿಗೆ ಸರಿ. ನೆರಳೇ ಕಾಣದಿದ್ದರೆ ಅಲ್ಲಿ ಯಾವ ಸಕ್ಯುಲೆಂಟೂ ಬಹುಕಾಲ ಚೆನ್ನಾಗಿರದು.

ಪುಸ್ತಕದ ದಕ್ಷಿಣ ಕಿಟಕಿ, ನಮ್ಮ ಊರಿನ ಸೂರ್ಯ

ಸಕ್ಯುಲೆಂಟ್ ಬಗ್ಗೆ ಸಿಗುವ ಪುಸ್ತಕ, ವೀಡಿಯೊಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನವು. "ದಕ್ಷಿಣದ ಕಿಟಕಿ ಎಲ್ಲಕ್ಕಿಂತ ಉತ್ತಮ, ಉತ್ತರದ್ದು ನೆರಳು" ಎಂದು ಅವು ಹೇಳುತ್ತವೆ. ಅವರಿಗೆ ಅದು ನಿಜ. ಲಂಡನ್ನಿನಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಕ್ಷಿಣದ ದಿಗಂತದಿಂದ ಬರೀ 15 ಡಿಗ್ರಿ ಎತ್ತರದಲ್ಲಿರುತ್ತಾನೆ. ವರ್ಷದ ಯಾವ ದಿನವೂ ಅವನು ಅಲ್ಲಿ ನೆತ್ತಿಯ ಮೇಲೆ ಬರುವುದಿಲ್ಲ. ನಮ್ಮ ಲೆಕ್ಕ ಬೇರೆ.

ಬೆಂಗಳೂರು, ಮಂಗಳೂರುಗಳಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕಂಬಕ್ಕೆ ನೆರಳೇ ಬೀಳದ ಶೂನ್ಯ ನೆರಳಿನ ದಿನಗಳು ಅವು. ಉತ್ತರಕ್ಕೆ ಹೋದಂತೆ ತಾರೀಕು ಬದಲಾಗುತ್ತದೆ. ಕಲಬುರಗಿಯಲ್ಲಿ ಅದು ಮೇ ಎರಡನೆಯ ವಾರ ಮತ್ತು ಆಗಸ್ಟ್ ಮೊದಲ ವಾರ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಬೆಳಗ್ಗೆ ಈಶಾನ್ಯದ ಕಡೆಯಿಂದ ಹುಟ್ಟಿ ಸಂಜೆ ವಾಯವ್ಯದ ಕಡೆ ಇಳಿಯುತ್ತಾನೆ. ಆಗ ಓರೆಬಿಸಿಲು ಪಡೆಯುವುದು ಉತ್ತರದ ಬಾಲ್ಕನಿ.

ನಾನು ಇದನ್ನು ಕಲಿತದ್ದು ಒಂದು ಕಲಾಂಚೊ ಸುಟ್ಟ ಮೇಲೆ. ಪುಸ್ತಕ ನಂಬಿ, ಉತ್ತರದ ಬಾಲ್ಕನಿ ವರ್ಷವಿಡೀ ನೆರಳು ಎಂದುಕೊಂಡು ಎಳೆಯ ಗಿಡಗಳನ್ನು ಅಲ್ಲಿನ ಕಂಬಿಯ ಮೇಲೆ ಸಾಲಾಗಿ ಇಟ್ಟಿದ್ದೆ. ಮೇ ತಿಂಗಳ ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಸಂಜೆಯ ಬಿಸಿಲು ಅಗಲವಾದ ಎಲೆಗಳ ಮೇಲೆ ಬಿಳಿಯ ಮಚ್ಚೆ ಬಿಡಿಸಿತ್ತು. ಅಂದಿನಿಂದ ತಿಂಗಳಿಗೊಮ್ಮೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಾಲ್ಕನಿಯಲ್ಲಿ ಬಿಸಿಲು ಎಲ್ಲಿಯವರೆಗೆ ಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ನೀವೂ ಹಾಕಿ. ಒಂದು ವರ್ಷ ಹಾಕಿದರೆ ನಿಮ್ಮ ಮನೆಯ ಬಿಸಿಲಿನ ಪಂಚಾಂಗ ನಿಮ್ಮ ಕೈಯಲ್ಲಿರುತ್ತದೆ.

ದಿಕ್ಕುವಾರು ಹೇಳುವುದಾದರೆ, ಪೂರ್ವದ ಬಾಲ್ಕನಿ ಎಲ್ಲಕ್ಕಿಂತ ಸುರಕ್ಷಿತ. ಬೆಳಗಿನ ಮೂರು ನಾಲ್ಕು ಗಂಟೆಯ ಬಿಸಿಲು ಹೆಚ್ಚಿನ ಎಚಿವೇರಿಯಾ, ಸೆಡಮ್‌ಗಳಿಗೆ ರಂಗೇರಲು ಸಾಕು, ಸುಡುವಷ್ಟು ಕಾವಿರುವುದಿಲ್ಲ. ಪಶ್ಚಿಮದಲ್ಲಿ ಬಿಸಿಲಿನ ಜೊತೆಗೆ ಕಾದ ಗೋಡೆಯ ಝಳವೂ ಸೇರುತ್ತದೆ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ಶೇಡ್ ನೆಟ್ ಕಟ್ಟಲೇಬೇಕು. ದಕ್ಷಿಣದ ಬಾಲ್ಕನಿಗೆ ಚಳಿಗಾಲವೇ ಸುಗ್ಗಿ. ಡಿಸೆಂಬರಿನಲ್ಲಿ ಬೆಂಗಳೂರಿನ ನಡುಹಗಲ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಒಂಬತ್ತು ಅಡಿ ಎತ್ತರದ ಚಾವಣಿಯಿದ್ದು ಅಡ್ಡಗೋಡೆ ಇಲ್ಲದಿದ್ದರೆ ಬಿಸಿಲು ಆರು ಅಡಿಗೂ ಹೆಚ್ಚು ಒಳಬರುತ್ತದೆ. ಚಳಿಯೂ ಬಿಸಿಲೂ ಕೂಡಿಬರುವ ಆ ಜಾಗಕ್ಕೆ ನಿಮ್ಮ ಎಚಿವೇರಿಯಾಗಳನ್ನು ನವೆಂಬರಿನಲ್ಲೇ ಸಾಗಿಸಿ. ಉತ್ತರದ ಬಾಲ್ಕನಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನೆರಳು ಬಯಸುವ ಗಿಡಗಳಿಗಿರಲಿ.

ಯಾವ ಗಿಡ ಎಷ್ಟು ಬಿಸಿಲಿಗೆ ಹೇಗೆ ಬದಲಾಗುತ್ತದೆ?

ಎಲ್ಲ ಸಕ್ಯುಲೆಂಟ್‌ಗಳೂ ಕೆಂಪಾಗುವುದಿಲ್ಲ. ಯಾವುದಕ್ಕೆ ಯಾವ ಬಣ್ಣ ಸಹಜ ಎಂದು ತಿಳಿದಿದ್ದರೆ ಇಲ್ಲದ ಬಣ್ಣಕ್ಕಾಗಿ ಗಿಡವನ್ನು ದಂಡಿಸುವುದು ತಪ್ಪುತ್ತದೆ.

ಗ್ರ್ಯಾಪ್ಟೊಪೆಟಲಮ್ ಪ್ಯಾರಾಗ್ವಾಯೆನ್ಸ್: ನೆರಳಿನಲ್ಲಿ ನೀಲಿಬೂದಿ, ಒಳ್ಳೆಯ ಬಿಸಿಲಿನಲ್ಲಿ ಗುಲಾಬಿ, ಕೆಲವೊಮ್ಮೆ ಹಳದಿಗೇಸರಿ. ನಮ್ಮ ಹವೆಗೆ ಚೆನ್ನಾಗಿ ಒಗ್ಗುತ್ತದೆ. ಹೊಸಬರು ಬಣ್ಣದ ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ಗಿಡವಿಲ್ಲ.

ಸೆಡಮ್ ನಸ್‌ಬೌಮೇರಿಯಾನಮ್: ನೆರಳಿನಲ್ಲಿ ತಿಳಿಹಸಿರು, ಬಿಸಿಲಿನಲ್ಲಿ ತಾಮ್ರದಂಥ ಕೇಸರಿ. ಜೆಲ್ಲಿಬೀನ್ ಎಂದು ಮಾರುವ ಸೆಡಮ್ ರುಬ್ರೊಟಿಂಕ್ಟಮ್: ಕಾಳಿನಂಥ ಎಲೆಗಳು ತುದಿಯಿಂದ ಬುಡದವರೆಗೆ ಕೆಂಪಾಗುತ್ತವೆ.

ಕ್ರಾಸುಲಾ ಒವಾಟಾ ಮತ್ತು ಪೋರ್ಚುಲಕೇರಿಯಾ: ಎರಡನ್ನೂ ಜೇಡ್ ಎಂದೇ ಕರೆಯುತ್ತಾರೆ. ಎರಡರಲ್ಲೂ ಅಂಚಿಗೆ ಕೆಂಪು ಗೆರೆ ಮೂಡುತ್ತದೆ. ಕ್ರಾಸುಲಾದ ಕೆಂಪು ಆಂಥೋಸಯನಿನ್, ಪೋರ್ಚುಲಕೇರಿಯಾದ್ದು ಬೀಟಾಲೆಯಿನ್. ಪೋರ್ಚುಲಕೇರಿಯಾ ನಮ್ಮ ಪೂರ್ಣ ಬಿಸಿಲನ್ನೂ ತಾಳುತ್ತದೆ.

ಕ್ರಾಸುಲಾ ಕ್ಯಾಂಪ್‌ಫೈರ್: ಹೆಸರಿಗೆ ತಕ್ಕಂತೆ ಬಿಸಿಲು ಮತ್ತು ಚಳಿ ಎರಡೂ ಸಿಕ್ಕಾಗ ಕೆಂಡದ ಬಣ್ಣ. ಮನೆಯೊಳಗಿಟ್ಟರೆ ಬರೀ ಹಸಿರು.

ಕೋಲಿನಂಥ ಪೆನ್ಸಿಲ್ ಕಳ್ಳಿಯ ಕೇಸರಿ ತಳಿ: ಇದರ ಮೂಲಗಿಡ ನಮ್ಮ ಹೊಲದ ಬೇಲಿಗಳಲ್ಲಿರುವ ಯೂಫೋರ್ಬಿಯಾ ತಿರುಕಲ್ಲಿ. ಆ ಶಾಸ್ತ್ರೀಯ ಹೆಸರಿನಲ್ಲಿರುವುದು ಮಲಬಾರಿನ ಜನರ ಬಾಯಲ್ಲಿದ್ದ ಹೆಸರೇ. ಕೇಸರಿ ತಳಿ ಬಿಸಿಲಿನಲ್ಲಿ ಹೊಂಬಣ್ಣ, ಕೆಂಪು, ನೆರಳಿನಲ್ಲಿ ಹಸಿರು. ಕಡ್ಡಿ ಮುರಿಯುವಾಗ ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರವಹಿಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಇಯೋನಿಯಮ್‌ನ ಕಪ್ಪುನೇರಳೆ ತಳಿ: ಬೆಳಕು ಕಡಿಮೆಯಾದರೆ ಮೊದಲು ನಡುವಿನ ಎಲೆಗಳು ಹಸಿರಾಗುತ್ತವೆ. ಕ್ಯಾನರಿ ದ್ವೀಪಗಳ ತಂಪಿನಿಂದ ಬಂದ ಕುಲ ಇದು. ನಮ್ಮ ಬೇಸಿಗೆಯಲ್ಲಿ ವಿಶ್ರಾಂತಿಗೆ ಸರಿಯುತ್ತದೆ, ಆಗ ನೆರಳೇ ಲೇಸು.

ಹವೋರ್ಥಿಯಾ, ಗ್ಯಾಸ್ಟೇರಿಯಾ: ತವರಿನಲ್ಲೂ ಪೊದೆಗಳ ಮರೆಯಲ್ಲಿ ಬೆಳೆಯುವ ಗಿಡಗಳು. ಇವುಗಳ ಆರೋಗ್ಯದ ಬಣ್ಣ ಹಸಿರು. ಕಂದುಗೆಂಪಾದರೆ ಬಿಸಿಲು ಅತಿಯಾಗಿದೆ ಎಂದರ್ಥ.

ಬಿಳಿ ಅಥವಾ ಹಳದಿ ಪಟ್ಟೆಯ ತಳಿಗಳು: ಪಟ್ಟೆಯ ಜಾಗದಲ್ಲಿ ಪತ್ರಹರಿತ್ತು ಇಲ್ಲ ಅಥವಾ ತೀರ ಕಡಿಮೆ. ಅದು ಬಿಸಿಲಿಗೆ ಬಂದ ಬಣ್ಣವಲ್ಲ, ಹುಟ್ಟಿನಿಂದ ಬಂದದ್ದು. ಬಿಳಿ ಭಾಗ ಬೇಗ ಸುಡುತ್ತದೆ, ತಿಳಿಬೆಳಕಿನಲ್ಲಿಡಿ. ನಡುವೆ ಪೂರ್ತಿ ಹಸಿರು ಕೊಂಬೆ ಎದ್ದರೆ ಅದು ಉಳಿದವನ್ನು ಮೀರಿ ಬೆಳೆಯುವ ಮೊದಲು ಕತ್ತರಿಸಿ. ಹಸಿರು ಕಾಂಡದ ಮೇಲೆ ಕೆಂಪು, ಹಳದಿ ಚೆಂಡು ಕೂರಿಸಿದ ಮೂನ್ ಕ್ಯಾಕ್ಟಸ್ ಕೂಡ ಇದೇ ಬಗೆಯದು. ಚೆಂಡಿನಲ್ಲಿ ಪತ್ರಹರಿತ್ತು ಇಲ್ಲದ್ದರಿಂದ ಅದನ್ನು ಸಾಕುವುದು ಕೆಳಗಿನ ಕಸಿಕಾಂಡ.

ಬಿಸಿಲಿಗೆ ಒಗ್ಗಿಸುವ ಮೂರು ವಾರ

ಹೆಚ್ಚು ಗಿಡಗಳು ಹಾಳಾಗುವುದು ಇಲ್ಲಿ. ಬಣ್ಣ ಬರಲಿ ಎಂದು ಒಳಗಿದ್ದ ಗಿಡವನ್ನು ಒಂದೇ ಸಲಕ್ಕೆ ತಾರಸಿಗೆ ಏರಿಸಿಬಿಡುತ್ತೇವೆ. ಕೆಂಪು ಪರದೆ ತಯಾರಾಗಲು ಗಿಡಕ್ಕೆ ದಿನಗಳು, ವಾರಗಳು ಬೇಕು. ಸುಡಲು ಒಂದು ಮಧ್ಯಾಹ್ನ ಸಾಕು.

ಮೊದಲ ವಾರ ಗಿಡವನ್ನು ಹೊರಗಿನ ತಿಳಿನೆರಳಿನಲ್ಲಿಟ್ಟು, ಬೆಳಗ್ಗೆ ಒಂದು ಗಂಟೆ ಮಾತ್ರ ಬಿಸಿಲು ತೋರಿಸಿ. ಎರಡನೆಯ ವಾರ ಬೆಳಗಿನ ಎರಡು ಮೂರು ಗಂಟೆ. ಮೂರನೆಯ ವಾರ ನಾಲ್ಕು ಗಂಟೆಯವರೆಗೆ. ಮಧ್ಯಾಹ್ನದ ಬಿಸಿಲನ್ನೂ ತಾಳುವ ಗಿಡವಾದರೆ ಅಲ್ಲಿಂದ ಮುಂದೆ ಶೇಕಡಾ 50ರ ಶೇಡ್ ನೆಟ್ ಕೆಳಗೆ ಬಿಡಿ. ಇದನ್ನು ಆರಂಭಿಸಲು ಮಳೆ ಮುಗಿದ ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಹೊಸದಾಗಿ ಬಿಸಿಲಿಗೆ ಇಳಿಸಬೇಡಿ. ರಾಯಚೂರು, ಬಳ್ಳಾರಿ, ಕಲಬುರಗಿ ಕಡೆ ಬೇಸಿಗೆ 40 ಡಿಗ್ರಿ ದಾಟುವಾಗ ಬಿಸಿಲುಪ್ರಿಯ ಗಿಡಗಳಿಗೂ ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬೇಕು. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಮಣ್ಣಿನ ಕುಂಡ ಬಳಸಿ, ಇಲ್ಲವೇ ಪ್ಲಾಸ್ಟಿಕ್ ಕುಂಡವನ್ನು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿಡಿ. ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಿದ್ದರೆ ಬಣ್ಣ ಎಲ್ಲ ಮಗ್ಗುಲಿಗೂ ಸಮನಾಗಿ ಬರುತ್ತದೆ.

ಎಲೆ ಹೇಳುವ ಮಾತು

ಕೆಂಪೆಲ್ಲ ಒಂದೇ ಅಲ್ಲ. ಮೇಣದ ಪುಡಿ ಇಲ್ಲದ ಗಿಡವಾದರೆ, ನೋಡುವುದರ ಜೊತೆಗೆ ಒಂದು ಕೆಳ ಎಲೆಯನ್ನು ಮೆಲ್ಲಗೆ ಒತ್ತಿ ನೋಡಿ.

ಎಲೆ ಗಟ್ಟಿಯಾಗಿದ್ದು, ಬಿಸಿಲಿನ ಕಡೆಯ ಅಂಚು, ತುದಿ ಕೆಂಪಾಗಿದ್ದು, ನಡುವಿನ ಚಿಗುರು ಲಕ್ಷಣವಾಗಿ ಬರುತ್ತಿದ್ದರೆ ಗಿಡ ಸುಖವಾಗಿದೆ. ಅದನ್ನು ಅಲ್ಲೇ ಬಿಡಿ.

ಇಡೀ ಗಿಡ ಕೆಂಪಾಗಿ, ಎಲೆಗಳು ಒಳಮುಖವಾಗಿ ಮುದುಡಿ, ಸುಕ್ಕುಗಟ್ಟಿದ್ದರೆ ಬಿಸಿಲಿನ ಜೊತೆ ಬಾಯಾರಿಕೆಯೂ ಇದೆ. ಸಂಜೆ ಕುಂಡದ ತೂತಿನಿಂದ ಇಳಿಯುವಷ್ಟು ನೀರು ಹಾಕಿ, ಎರಡು ದಿನ ನೋಡಿ.

ಕೆಳಗಿನ ಎಲೆಗಳು ಹಳದಿಯಾಗಿ ಅಥವಾ ಕೆಂಪಾಗಿ, ಮೆತ್ತಗೆ, ಗಾಜಿನಂತೆ ಪಾರದರ್ಶಕವಾಗಿದ್ದರೆ ಅದು ಬೆಳಕಿನ ಬಣ್ಣವೇ ಅಲ್ಲ. ನೀರು ಹೆಚ್ಚಾಗಿ ಬೇರು ಕೊಳೆಯುತ್ತಿದೆ. ಕೂಡಲೇ ಗಿಡ ಕಿತ್ತು, ಕೊಳೆತದ್ದನ್ನು ಕತ್ತರಿಸಿ ಒಣಗಿಸಿ.

ಬಿಳಿಯ, ಆಮೇಲೆ ಕಂದಾಗುವ ಒಣ ಮಚ್ಚೆ ಬಿಸಿಲಿನ ಸುಟ್ಟಗಾಯ. ಅದು ಮಾಯುವುದಿಲ್ಲ, ಹರಡುವುದೂ ಇಲ್ಲ. ಹೊಸ ಎಲೆ ಬಂದು ಹಳೆಯದು ಉದುರುವವರೆಗೆ ಕಾಯಬೇಕು. ಸುಟ್ಟ ಎಲೆಯೂ ಕೆಳಗಿನ ಎಲೆಗೆ ನೆರಳಾಗುವುದರಿಂದ ಅವಸರದಲ್ಲಿ ಕೀಳಬೇಡಿ.

ಎಲೆಗಳು ತಿಳಿಹಸಿರಾಗಿ ಬಿಳುಚಿ, ಕೆಳಮುಖವಾಗಿ ಬಾಗಿ, ಕಾಂಡ ನೀಳವಾದರೆ ಬೆಳಕು ತೀರ ಸಾಲದು. ಒಮ್ಮೆ ನೀಳವಾದ ಕಾಂಡ ಮತ್ತೆ ಕುಗ್ಗುವುದಿಲ್ಲ. ತಲೆಯ ಭಾಗವನ್ನು ಒಂದೆರಡು ಅಂಗುಲ ಕಾಂಡದೊಂದಿಗೆ ಕತ್ತರಿಸಿ, ನೆರಳಲ್ಲಿ ನಾಲ್ಕೈದು ದಿನ ಗಾಯ ಒಣಗಿಸಿ ಮತ್ತೆ ನೆಡಿ. ಉಳಿದ ಮೋಟಿನಿಂದಲೂ ಮರಿಗಳು ಬರುತ್ತವೆ.

ಮಳೆಗಾಲ ಮತ್ತು ದೀಪದ ಬೆಳಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ಬಣ್ಣದ ಆಸೆ ಬಿಡುವುದೇ ಜಾಣತನ. ಮೋಡದಿಂದ ಬೆಳಕು ಕಡಿಮೆ, ತೇವ ಹೆಚ್ಚು. ಕೆಂಪು ಮಾಸಿ ಹಸಿರಾದರೆ ಅದು ಕಾಲಧರ್ಮ. ಈ ತಿಂಗಳುಗಳಲ್ಲಿ ನೋಡಬೇಕಾದದ್ದು ಮೂರೇ: ಮಳೆ ನೇರವಾಗಿ ಬೀಳದ, ಗಾಳಿಯಾಡುವ, ಮನೆಯಲ್ಲಿ ಎಲ್ಲಕ್ಕಿಂತ ಬೆಳಕಿರುವ ಜಾಗ. ನೀರು ತೀರ ಕಡಿಮೆ ಮಾಡಿ. ಬೆಳಕಿಲ್ಲದಾಗ ನೀರು, ಗೊಬ್ಬರ ಕೊಟ್ಟರೆ ಗಿಡ ನೀಳವಾಗುತ್ತದೆ ಅಥವಾ ಕೊಳೆಯುತ್ತದೆ.

ಹೊರಗೆ ಜಾಗವೇ ಇಲ್ಲದವರು ಎಲ್‌ಇಡಿ ದೀಪ ಬಳಸಬಹುದು. ನೀಲಿ ಅಂಶ ಹೆಚ್ಚಿರುವ 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಗಳನ್ನು ಗಿಡದಿಂದ ಸುಮಾರು ಒಂದು ಅಡಿ ಎತ್ತರದಲ್ಲಿ ಕಟ್ಟಿ, ದಿನಕ್ಕೆ 12ರಿಂದ 14 ಗಂಟೆ ಉರಿಸಿ, ರಾತ್ರಿ ಕಡ್ಡಾಯವಾಗಿ ಆರಿಸಿ. ರಾತ್ರಿಯ ಕತ್ತಲಲ್ಲೇ ಗಿಡಗಳು ಉಸಿರು ತುಂಬಿಕೊಳ್ಳಬೇಕು. ಸಾಮಾನ್ಯ ಎಲ್‌ಇಡಿಯಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ. ದೀಪದಡಿ ಗಿಡದ ಆಕಾರ ಚೆನ್ನಾಗಿರುತ್ತದೆ, ತಕ್ಕಮಟ್ಟಿಗೆ ಬಣ್ಣವೂ ಬರುತ್ತದೆ, ಬಿಸಿಲಿನಷ್ಟು ಗಾಢವಾಗಿ ಬರುವುದನ್ನು ನಿರೀಕ್ಷಿಸಬೇಡಿ.

ಕೊಳ್ಳುವಾಗ ಗಮನಿಸಿ

ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ಜನವರಿಯಲ್ಲೂ ಆಗಸ್ಟ್‌ನಲ್ಲೂ ನಡೆಯುತ್ತದೆ. ಆ ಎರಡು ಕಾಲದಲ್ಲಿ ಒಂದೇ ತಳಿಯ ಗಿಡವೂ ಎರಡು ಬಣ್ಣದಲ್ಲಿ ಕಾಣಬಹುದು. ಕಾಲಿಂಪಾಂಗ್‌ನಂಥ ತಂಪು ಬೆಟ್ಟದ ನರ್ಸರಿಗಳಿಂದ ಬಂದ ಗಿಡ ನಮ್ಮ ಊರಿನ ಬೆಚ್ಚನೆಯ ರಾತ್ರಿಗೆ ಒಗ್ಗುವಾಗ ಸ್ವಲ್ಪ ಬಣ್ಣ ಕಳೆದುಕೊಳ್ಳುವುದು ಸಹಜ.

ನೀಲಿ, ಕಡುಗುಲಾಬಿ, ಬಂಗಾರದ ಮಿಂಚಿನ ಗಿಡ ಕಂಡರೆ ನಡುವಿನ ಎಳೆಯ ಎಲೆ ಮತ್ತು ಎಲೆಗಳ ಬುಡ ನೋಡಿ. ಅಲ್ಲಿ ಹಸಿರಿದ್ದು ಹೊರಗೆಲ್ಲ ಒಂದೇ ಸಮನೆ ಬಣ್ಣವಿದ್ದರೆ ಅದು ಪೇಂಟ್ ಬಳಿದ ಗಿಡ. ಬಣ್ಣದ ಪದರ ಬೆಳಕನ್ನೂ ಎಲೆಯ ಉಸಿರಾಟವನ್ನೂ ತಡೆದು ಗಿಡವನ್ನು ಸೊರಗಿಸುತ್ತದೆ. ಆನ್‌ಲೈನ್‌ನಲ್ಲಿ ಕಾಮನಬಿಲ್ಲಿನ ಬಣ್ಣದ ಸಕ್ಯುಲೆಂಟ್ ಬೀಜ ಎಂದು ಮಾರುವುದನ್ನು ಕೊಳ್ಳಲೇಬೇಡಿ. ಅಂಥ ಗಿಡಗಳು ಚಿತ್ರದಲ್ಲಿ ಮಾತ್ರ ಇರುತ್ತವೆ.

ಬಣ್ಣಕ್ಕಾಗಿ ಗಿಡವನ್ನು ಒಣಗಿಸಬೇಡಿ, ಉಪವಾಸ ಕೆಡವಬೇಡಿ, ಬಿರುಬಿಸಿಲಿಗೆ ದೂಡಬೇಡಿ. ಈ ವಾರ ಒಂದು ಸಣ್ಣ ಕೆಲಸ ಮಾಡಿ. ಒಂದೇ ಗಿಡದಿಂದ ಎರಡು ತುಂಡು ತೆಗೆದು ಎರಡು ಕುಂಡದಲ್ಲಿ ನೆಡಿ. ಬೇರು ಬಿಟ್ಟ ಮೇಲೆ ಒಂದನ್ನು ಬೆಳಗಿನ ಬಿಸಿಲಿಗೆ ಒಗ್ಗಿಸಿ, ಇನ್ನೊಂದನ್ನು ತಿಳಿನೆರಳಲ್ಲಿಡಿ, ಮೂರು ತಿಂಗಳ ನಂತರ ಪಕ್ಕಪಕ್ಕ ಇಟ್ಟು ನೋಡಿ. ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ. ನಿಮ್ಮ ಮನೆಯ ಬೆಳಕು ಎಷ್ಟು, ಅದು ಯಾವ ಗಿಡಕ್ಕೆ ಸರಿ ಎಂಬುದನ್ನು ಆ ಎರಡು ಕುಂಡಗಳೇ ನಿಮಗೆ ಹೇಳಿಕೊಡುತ್ತವೆ.